ರಾಗಿ ಕಲ್ಲಿನ ಆಚೆ ಬದಿ

ಹಿತ್ತಿಲಲ್ಲಿ ಬಚ್ಚಲು ಕಟ್ಟಲು ಬಂದ ಗಾರೆಯವನು ಮೊನ್ನೆ ರಾಗಿ ಬೀಸುವ ಕಲ್ಲನ್ನು ಕಾಲಿನಲ್ಲಿ ತಳ್ಳಿ, "ಅಜ್ಜಿ, ಇದನ್ನ ಪಾಯಕ್ಕೆ ಆಕ್ಬುಡ್ಲಾ?" ಅಂದ. "ನಿನ್ ತಲೆ ಆಕು. ಕಲ್ಲು ಅಲ್ಲೇ ಇರ್ಲಿ" ಅಂದೆ. ಮೊಮ್ಮಗ ನಕ್ಕ. ಅವರು ಆಚೆ ಹೋದ ಮೇಲೆ ಮಣ್ಣು ಕೊಡವಿ ನೋಡಿದೆ. ತಿರುಗಿಸಲು ಹಿಡಿಯುತ್ತಿದ್ದ ಗೂಟವನ್ನು ಎಂದೋ ಗೆದ್ದಲು ತಿಂದಿದೆ. ಗೂಟ ನಿಂತಿದ್ದ ತೂತು ಇದೆ. ಅದು ನಮ್ಮ ಮನೆಯ ಕಲ್ಲಲ್ಲ, ಎದುರುಮನೆ ಅತ್ತೆಯದು...

ನಾನು ಓದಿದ್ದು ಎರಡನೇ ಕ್ಲಾಸು. ಬರೆಯಲು ಕೂತರೆ ಬೆರಳು ಸೆಟೆದುಕೊಳ್ಳುತ್ತವೆ. ಆದರೆ ಅವಳನ್ನು ಕಂಡಿದ್ದವರು ಈ ಬೀದಿಯಲ್ಲಿ ಇನ್ನು ಯಾರೂ ಉಳಿದಿಲ್ಲ.

ಮಳವಳ್ಳಿ ಕಡೆಯ ಈ ಊರಿಗೆ ನಾನು ಸೊಸೆಯಾಗಿ ಬಂದಾಗ ಯುದ್ಧ ನಡೆಯುತ್ತಿತ್ತು. ದೀಪಕ್ಕೆ ಸೀಮೆಎಣ್ಣೆ ಸಿಗುತ್ತಿರಲಿಲ್ಲ. ಎದುರುಮನೆ ಅತ್ತೆ ಗಂಡ ಸತ್ತವಳು, ಮೈದುನನ ಮನೆಯಲ್ಲಿದ್ದಳು. ಅವಳ ಮೈಮೇಲೆ ಮಾರಮ್ಮ ಬರುತ್ತಿದ್ದಳು. ತಲೆಗೆ ಎಣ್ಣೆ ಬಾಚಣಿಗೆ ಮುಟ್ಟಿಸುವಂತಿರಲಿಲ್ಲ. ಕೂದಲು ಗಂಟುಗಟ್ಟಿ, ಹಗ್ಗದ ಹಾಗೆ ಸೊಂಟದ ತನಕ ಇಳಿದಿತ್ತು. ದೇವಿಯ ಜಡೆ ಎಂದು ಜನ ಅದಕ್ಕೆ ಕೈಮುಗಿಯುತ್ತಿದ್ದರು.

ಮಂಗಳವಾರ, ಶುಕ್ರವಾರ ಬಾಗಿಲಲ್ಲಿ ತಮಟೆ. ಮೇಲೆ ಅರಿಸಿನದ ನೀರು ಸುರಿಯುವರು, ಬೇವಿನ ಬರಲಿನಲ್ಲಿ ಹೊಡೆಯುವರು. ಅವಳು ನಡುಗುವಳು, ಕೂಗುವಳು. ಕಳೆದ ಎಮ್ಮೆ ಎಲ್ಲಿದೆ, ಮಗಳ ಮದುವೆ ಎಂದಿಗೆ, ಎಲ್ಲದಕ್ಕೂ ಮಾತು ಕೊಡುವಳು. ನಾನೂ ಕೇಳಿದ್ದೆ, ಬಸಿರು ಯಾವಾಗ ಎಂದು. ಎರಡು ವರ್ಷ ಎಂದಳು ದೇವಿ. ಆರು ತಿಂಗಳಿಗೇ ವಾಂತಿ ಶುರುವಾಯಿತು. ಆ ಮಗು ನಿಲ್ಲಲಿಲ್ಲ, ಅದು ಬೇರೆ ಮಾತು. ಜನ ಹೋದ ಮೇಲೆ ಅತ್ತೆ ಹಿಂಡಿದ ಬಟ್ಟೆಯ ಹಾಗೆ ಜಗಲಿಯಲ್ಲಿ ಬಿದ್ದಿರುತ್ತಿದ್ದಳು. ಬಂದ ಅಕ್ಕಿ, ಕಾಯಿ, ಕೋಳಿಯನ್ನು ಮೈದುನ ಒಳಗೆ ಸಾಗಿಸುತ್ತಿದ್ದ.

ಒಂದು ಬೇಸಿಗೆಯಲ್ಲಿ ಆ ಜಡೆಯ ಬುಡ ಕೀವಾಯಿತು. ನೊಣ ಮುತ್ತುತ್ತಿದ್ದವು. ಜ್ವರ ತಲೆಗೇರಿ ಮಾತು ತಪ್ಪಿದಾಗ ಮೈದುನ ಹೆದರಿ, ಗಾಡಿ ಕಟ್ಟಿ, ಮಿಷನ್‌ನವರ ಆಸ್ಪತ್ರೆಗೆ ಸೇರಿಸಿ ಬಂದ. ಅವಳು ವಾಪಸ್ಸು ಬಂದದ್ದು ರಾಗಿ ಕೊಯ್ಲು ಮುಗಿದ ಮೇಲೆ. ಜಡೆ ಇರಲಿಲ್ಲ. ಬೆರಳುದ್ದದ ಕೂದಲಿಗೆ ಹರಳೆಣ್ಣೆ ಹಚ್ಚಿ ಬೈತಲೆ ತೆಗೆದಿದ್ದಳು.

"ಅಯ್ಯೋ, ಅಮ್ಮನ ಜಡೆ ಕೊಯ್ಸ್ಕಂಡು ಬಂದವಳಲ್ಲ ಈ ಮುಂಡೆ! ಊರು ಉಳೀತದಾ?" ಎಂದು ನಮ್ಮತ್ತೆ ಎದೆ ಬಡಿದುಕೊಂಡರು. ಅದೇ ನಮ್ಮತ್ತೆ ಮಾರನೆಯ ದಿನ ರಾಗಿ ಮೊರ ಕೊಟ್ಟು ನನ್ನನ್ನು ಅವಳ ಮನೆಗೇ ಕಳಿಸಿದರು. ನಮ್ಮ ಕಲ್ಲು ಸವೆದು ತರಿತರಿ ಬೀಳುತ್ತಿತ್ತು.

ಬೀಸುತ್ತಾ ಅವಳೇ ಹೇಳಿದಳು. "ಅಲ್ಲೊಬ್ರು ದಾದಿ ದಿನಾ ಬಂದು, ಎಲ್ಲಿ ನೋಯ್ತದಮ್ಮ ಅನ್ನೋರು. ಅಳು ಬಂದ್ಬುಡ್ತು ಕಣವ್ವ. ಊರೋರೆಲ್ಲ ಅವರವರ ನೋವ ನನ್ ಕುಟ್ಟೆ ಏಳೋರೇ. ನಂದ ಯಾರು ಕೇಳವ್ರೆ?"

ಆ ದಾದಿ ಸಂಜೆ ಹೊತ್ತು ರೋಗಿಗಳಿಗೆ ಯೇಸುವಿನ ಕಥೆ ಓದುತ್ತಿದ್ದಳಂತೆ.

"ಆ ಸ್ವಾಮಿ ಇನ್ನೊಬ್ಬರ ಮೈಮೇಲೆ ಬಂದು ಕುಣಿಸಾಕಿಲ್ಲ ಕಣೇ. ತಾನೇ ಒಂದು ಮೈ ತಕ್ಕಂಡು ಬಂದು, ಏಟೆಲ್ಲ ತಾನೇ ತಿಂದವ್ನೆ. ನನ್ ಮೈ ನಂಗೇ ಬುಟ್ಟವ್ನೆ. ಇನ್ಮೇಕೆ ನಾನು ಅವನೋಳು."

"ದೇವ್ರ ಬದ್ಲಾಯ್ಸೋದು ಅಂದ್ರೆ ಸೀರೆ ಬದ್ಲಾಯ್ಸ್ದಂಗಾ ಅತ್ತೆ?" ಅಂದೆ.

"ಸೀರೆ ಎಲ್ಲವ್ವ ಬದ್ಲಾಯ್ಸ್ಲಿ? ಇರೋದೇ ಎರಡು" ಎಂದು ನಕ್ಕಳು. ಅವಳು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಊರು ಅಷ್ಟಕ್ಕೆ ಬಿಡಲಿಲ್ಲ. ದನಗಳಿಗೆ ಕಾಲುಬಾಯಿ ಜ್ವರ ಬಂತು. ಒಂದು ಮಂಗಳವಾರ ಬೆಳಿಗ್ಗೆ ಗೌಡರು ತಮಟೆಯವನನ್ನು ಕರೆದುಕೊಂಡು ಅವಳ ಬಾಗಿಲಿಗೆ ಬಂದು ನಿಂತರು. ತಮಟೆ ಬಡಿದರೆ ದೇವಿ ಬಂದೇ ಬರುತ್ತಾಳೆ ಎಂದು ಅವರ ನಂಬಿಕೆ. ಅವಳಿಗೂ ಅದೇ ಭಯ ಇತ್ತು ಎಂದು ಈಗ ಅನ್ನಿಸುತ್ತದೆ.

ಅವಳು ಬಾಗಿಲು ಹಾಕಲಿಲ್ಲ. ಕಲ್ಲಿನ ಮುಂದೆ ಕೂತು, ಬೀದಿಯಾಚೆಗೆ ಕೇಳುವಂತೆ ನನ್ನನ್ನು ಕೂಗಿದಳು. "ಬಾರೇ, ಗೂಟ ಇಡ್ಕೊ."

ನಾನು ಎದ್ದು ಹೋದೆ. ಧೈರ್ಯ ಗಿರ್ಯ ಏನಿಲ್ಲ, ಮಧ್ಯಾಹ್ನದ ಮುದ್ದೆಗೆ ಹಿಟ್ಟಿರಲಿಲ್ಲ.

"ತಾಯೀ, ದನ ಸಾಯ್ತಾ ಅವೆ. ಒಂದ್ ಮಾತು ಕೊಡವ್ವ" ಎಂದರು ಗೌಡರು.

"ಮಾತು ಕೊಡೋಳು ಇಲ್ಲಿಲ್ಲ ಗೌಡ್ರೇ. ನಾನು ರಾಗಿ ಬೀಸ್ತಾವ್ನಿ. ದನದ ಬಾಯೆಲ್ಲ ಉಣ್ಣು ಎದ್ದವೆ, ಓಗಿ ಗಂಜಿ ಉಯ್ರಿ. ತಮಟೆ ಬಡುದ್ರೆ ಅದು ಮೇಯ್ತದಾ?"

ತಮಟೆ ಶುರುವಾಯಿತು. ಬೀಸುವಾಗ ಪದ ಹೇಳುವುದು ರೂಢಿ; ಅವಳು ತುಟಿ ಕಚ್ಚಿಕೊಂಡಿದ್ದಳು. ಒಂದೇ ಗೂಟದ ಮೇಲೆ ನನ್ನ ಕೈ, ಅವಳ ಕೈ. ಅವಳ ನಡುಕ ಗೂಟದಲ್ಲಿ ಹಾದು ನನ್ನ ಮೊಣಕೈಗೆ ಬಂತು. ಅವಳ ಭುಜ ಎಗರತೊಡಗಿತು. ಕಣ್ಣು ಮೇಲೆ ಸಿಕ್ಕಿಕೊಂಡಿತು. ಕಲ್ಲು ನಿಂತೇ ಹೋಯಿತು. ಬಂದಳು ದೇವಿ, ಮುಗಿಯಿತು ಎಂದುಕೊಂಡೆ. ಹೊರಗೆ ಯಾರೋ ಅರಿಸಿನದ ನೀರಿನ ಚೊಂಬು ಎತ್ತಿಕೊಂಡರು. ಅವಳು "ಯೇಸಪ್ಪಾ..." ಎಂದಳು, ನನಗಷ್ಟೇ ಕೇಳಿಸುವ ಹಾಗೆ. ಆಮೇಲೆ ಉಸಿರೆಳೆದು ನನ್ನನ್ನೇ ನೋಡಿದಳು.

"ರಾಗಿ ಆಕು" ಅಂದಳು.

ಒಂದು ಹಿಡಿ ಹಾಕಿದೆ. ಕಲ್ಲು ತಿರುಗಿತು.

ಎಷ್ಟು ಹೊತ್ತು ಬೀಸಿದೆವೋ... ಮೊರ ಖಾಲಿಯಾದ ಮೇಲೆ ತಮಟೆಯವನೇ ಕೈ ಇಳಿಸಿದ. "ಬುದ್ದಿ, ತೋಳು ಬಿದ್ದೋಯ್ತು. ಅಮ್ಮ ಬರಾಕಿಲ್ಲ" ಎಂದ. ಗೌಡರು ಹೆಗಲ ವಸ್ತ್ರ ಕೊಡವಿ ಹೊರಟುಹೋದರು. ದನಗಳು ಕೆಲವು ಸತ್ತವು, ಕೆಲವು ಬದುಕಿದವು. ಸ್ವಲ್ಪ ದಿನಕ್ಕೆ ಮೇಲಿನ ಬೀದಿಯ ಇನ್ನೊಬ್ಬಳ ಮೈಮೇಲೆ ದೇವಿ ಬಂದಳು. ಜನ ಅತ್ತ ಹೋದರು.

ಅಕ್ಕಿ ಕಾಯಿ ನಿಂತ ಮೇಲೆ ಮೈದುನ ಅವಳ ಗಂಟನ್ನು ಬೀದಿಗೆ ಎಸೆದ. "ತಿನ್ನಾಕೆ ಬಾಯಿ ಅದೆ, ಮಾತು ಕೊಡಾಕೆ ಇಲ್ವಾ?" ಎಂದ. ಅವಳು ಜಗಳ ಆಡಲಿಲ್ಲ. ನನ್ನ ಕಡೆ ತಿರುಗಿ, "ಈ ಕಲ್ಲು ನಮ್ಮವ್ವ ಕೊಟ್ಟದ್ದು, ಇವನದಲ್ಲ. ನೀನಿಟ್ಕೊ" ಎಂದಳು. ಇದ್ದಿಲು ಸುಟ್ಟು ಓಡಿಸುತ್ತಿದ್ದ ಬಸ್ಸು ಹತ್ತಿ ಆಸ್ಪತ್ರೆಯ ಆಯಾ ಕೆಲಸಕ್ಕೆ ಹೋದಳು. ನಮ್ಮತ್ತೆ ಗಂಜಲ ಹಾಕಿ ಕಲ್ಲು ತೊಳೆಸಿ ಸೂರಿನ ಕೆಳಗೆ ಇಡಿಸಿದರು. ಆಮೇಲೆ ಅವರೇ ಒಳಕ್ಕೆ ತರಿಸಿದರು. ಹಿಟ್ಟು ನುಣ್ಣಗೆ ಬೇಕಿತ್ತಲ್ಲ.

ಸ್ವಾತಂತ್ರ್ಯ ಬಂತೆಂದು ಊರೂರಲ್ಲೂ ಬಾವುಟ ಹಾರಿಸಿದ ವರ್ಷ ಮದ್ದೂರು ಸ್ಟೇಷನ್ನಿನಲ್ಲಿ ಒಮ್ಮೆ ಸಿಕ್ಕಿದಳು. ಬಿಳಿ ಸೀರೆ, ಕಟ್ಟಿದ ತುರುಬು, ಬಿರುಕುಬಿಟ್ಟ ಕೈ, ಫಿನಾಯಿಲಿನ ವಾಸನೆ. ಚರ್ಚಿನಲ್ಲಿ ದೀಕ್ಷೆಯ ಸ್ನಾನ ಕೊಟ್ಟು ಹೊಸ ಹೆಸರಿಟ್ಟಿದ್ದರು. ಹೇಳಿದಳು. ನನ್ನ ನಾಲಿಗೆ ಹೊರಳಲಿಲ್ಲ. ನಕ್ಕು ಮತ್ತೆ ಹೇಳಿಕೊಟ್ಟಳು. ಇಲ್ಲಿ ಬರೆಯುವುದಿಲ್ಲ, ತಪ್ಪಾದೀತು.

"ಸುಖವಾ ಅತ್ತೆ?" ಅಂದೆ.

"ಕಾಲು ಊತ್ಕತಾವೆ. ರೋಗಿಗಳ ಬಟ್ಟೆ ಒಗ್ದು ಒಗ್ದು ಸಾಕಾಯ್ತದೆ. ಆದ್ರೆ ಮಂಗಳವಾರ ಬಂದ್ರೆ ಎದೆ ಒಡ್ಕಳಾಕಿಲ್ಲ ಕಣೇ. ಮಲಗುದ್ರೆ ನಿದ್ದೆ ಬತ್ತದೆ."

ಅವಳ ರೈಲು ಬಂತು. ಆಮೇಲೆ ನೋಡಲಿಲ್ಲ. ಸತ್ತ ಸುದ್ದಿ ಬಂದಾಗ ಮಣ್ಣು ಮಾಡಿ ಎಷ್ಟೋ ಕಾಲವಾಗಿತ್ತು. ಆ ಜಾಗ ನಾನು ಕಂಡಿಲ್ಲ.

ನಾನು ದೇವರನ್ನು ಬದಲಾಯಿಸಲಿಲ್ಲ. ಮಾರಮ್ಮನಿಗೆ ಇವತ್ತಿಗೂ ತಂಬಿಟ್ಟು ಕೊಡುತ್ತೇನೆ. ಹೆತ್ತೆ, ಹೂತೆ, ಬೇಯಿಸಿ ಹಾಕಿದೆ. ಎಲ್ಲಿ ನೋಯುತ್ತದೆ ಎಂದು ನನ್ನನ್ನು ಕೇಳುವವನು ಈಗ ಡಾಕ್ಟರೊಬ್ಬನೇ. ನಾನು ಬಾಯಿ ತೆರೆಯುವಷ್ಟರಲ್ಲಿ ಚೀಟಿ ಬರೆದಿರುತ್ತಾನೆ.

ಕಲ್ಲನ್ನು ಜಗಲಿಯ ಮೂಲೆಗೆ ಎತ್ತಿಡಿಸಿದ್ದೇನೆ. ನಿನ್ನೆ ಎದುರು ಕೂತು, ಗೂಟದ ತೂತಿಗೆ ಬೆರಳು ಹಾಕಿ ಎಳೆದು ನೋಡಿದೆ. ಅಲುಗಲಿಲ್ಲ. ಆಚೆ ಬದಿಯಲ್ಲಿ ಯಾರಾದರೂ ಕೂರಬೇಕು ಅದಕ್ಕೆ...