ಅಕ್ಕ ಕಿವಿಗೊಟ್ಟ ಬೇಸಿಗೆ

ನನ್ನ ಅಕ್ಕ ಭದ್ರಾವತಿಯ ಒಂದು ಹೈಸ್ಕೂಲಿನಲ್ಲಿ ಗಣಿತದ ಟೀಚರ್ ಆಗಿದ್ದಳು. ಜನ್ನಾಪುರದ ಮನೆಯ ಅಡುಗೆಮನೆಯಿಂದ ಅವಳು ಭಾವನನ್ನು ಕರೆದರೆ ರಸ್ತೆಯಲ್ಲಿ ಬಸ್ಸಿಗೆ ಕಾಯುತ್ತಿದ್ದವರೂ ತಿರುಗಿ ನೋಡುತ್ತಿದ್ದರು. ಅಂಥ ದನಿ. ಅಂಥವಳು ಒಂದು ಬೇಸಿಗೆ ಪೂರ್ತಿ ಮಾತಿಲ್ಲದೆ ಕೂತಳು. ಅವಳಿಗೆ ಕಥೆ ನಡೆಸುವುದು ಕೈಗೆ ಹತ್ತಿದ್ದೂ ಆ ಬೇಸಿಗೆಯಲ್ಲೇ.

ಆಟವನ್ನು ಮನೆಗೆ ತಂದವನು ನಾನು. ಶಿವಮೊಗ್ಗದಲ್ಲಿ ಕನ್ನಡಕದ ಅಂಗಡಿಯೊಂದರಲ್ಲಿ ನನಗೆ ಕೆಲಸ. ಅದಕ್ಕೆ ಮೊದಲು ತರಬೇತಿಗೆಂದು ಮೈಸೂರಿನಲ್ಲಿದ್ದಾಗ ಹಾಸ್ಟೆಲಿನ ಗೆಳೆಯರು ರಜೆಯ ದಿನ ಮೇಜಿನ ಸುತ್ತ ಕೂತು ವಿಚಿತ್ರವಾದ ಆಟವೊಂದನ್ನು ಆಡುತ್ತಿದ್ದರು. ಪಗಡೆಯಂತೆ ದಾಳ ಉಂಟು, ಆದರೆ ಹಾಸಿಲ್ಲ, ಕಾಯಿಗಳಿಲ್ಲ. ಒಬ್ಬ ಕಥೆ ನಡೆಸುತ್ತಾನೆ, ಅವನಿಗೆ ಗೇಮ್ ಮಾಸ್ಟರ್ ಅಂತ ಹೆಸರು. ಉಳಿದವರು ಒಬ್ಬೊಬ್ಬರು ಒಂದೊಂದು ಪಾತ್ರ. "ಎದುರಿಗೆ ಹೊಳೆ ಇದೆ, ಏನು ಮಾಡುತ್ತೀರಿ?" ಅಂತ ಅವನು ಕೇಳಿದರೆ ಇವರು ಈಜುತ್ತೇವೆ ಅನ್ನಬಹುದು, ದೋಣಿ ಹುಡುಕುತ್ತೇವೆ ಅನ್ನಬಹುದು. ಆಗುತ್ತದೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಸೋಲು, ಗೆಲುವು ಅಂತ ಇಲ್ಲ. ಕಥೆ ಮುಂದಕ್ಕೆ ಹೋಗುತ್ತದೆ, ಅಷ್ಟೆ.

ಊರಿಗೆ ಬಂದ ಮೇಲೆ ಅಕ್ಕನ ಮನೆಯಲ್ಲಿ ಅದನ್ನು ಶುರು ಮಾಡಿದೆ. ಮೊದಲ ಭಾನುವಾರ ನಾನೇ ಕಥೆ ನಡೆಸಿದೆ. ಎರಡನೆಯ ಭಾನುವಾರ ಅಕ್ಕ ನನ್ನ ಕೈಯಿಂದ ದಾಳಗಳನ್ನು ಕಿತ್ತುಕೊಂಡಳು.

"ನಿಂಗೆ ಕಥೆ ಹೇಳಕ್ಕೆ ಬರಲ್ಲ ಮಾರಾಯ. ಅಷ್ಟು ಮೆತ್ತಗೆ ಮಾತಾಡಿದ್ರೆ ಯಾರು ಕೇಳ್ತಾರೆ? ಕೊಡಿಲ್ಲಿ."

ಅಂದಿನಿಂದ ಅವಳೇ ಗೇಮ್ ಮಾಸ್ಟರ್.

ಆಡುವವರು ಮೂವರು. ನಾನು ಒಬ್ಬ. ಇನ್ನೊಬ್ಬ ನನ್ನ ಗೆಳೆಯ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಅವನ ಅಪ್ಪನ ಬಟ್ಟೆ ಅಂಗಡಿ. ಮನೆಯಲ್ಲಿ ದಖನಿ ಉರ್ದು, ಅಂಗಡಿಯಲ್ಲಿ ಕನ್ನಡ, ಅಕ್ಕನ ಜೊತೆ ಎರಡೂ. ಅವಳನ್ನು ತನ್ನ ಅಕ್ಕನೆಂಬಂತೆ ಆಪಾ ಎಂದೇ ಕರೆಯುತ್ತಿದ್ದ. ಗಿರಾಕಿಗೆ ಒಂದು ಬೆರಳಷ್ಟು ಬಟ್ಟೆ ಹೆಚ್ಚೇ ಅಳೆದು ಕೊಡುವ ಈ ಮನುಷ್ಯ ಆಟದಲ್ಲಿ ಮಾತ್ರ ತನಗೆ ಕಳ್ಳನ ಪಾತ್ರವೇ ಬೇಕೆಂದು ಹಟ ಹಿಡಿದಿದ್ದ. ಮೂರನೆಯವರು ಅಕ್ಕನ ಪಕ್ಕದ ಮನೆಯ ಟೈಲರಮ್ಮ. ಮನೆಮಾತು ತಮಿಳು. ಗಂಡ ಫ್ಯಾಕ್ಟರಿಯಲ್ಲಿದ್ದವರು, ತೀರಿಹೋಗಿ ಬಹಳ ವರ್ಷವಾಗಿತ್ತು. ಒಂದು ಭಾನುವಾರ ಅಕ್ಕನಿಗೆ ರವಿಕೆ ಕೊಡಲು ಬಂದವರು ದಾಳಗಳನ್ನು ಕಂಡು ಬಾಗಿಲಲ್ಲೇ ನಿಂತರು. "ಒಳಗ್ ಬನ್ನಿ, ನಿಮಗೂ ಒಂದು ಪಾತ್ರ ಕೊಡ್ತೀನಿ" ಎಂದಳು ಅಕ್ಕ. ಅವರು ಕತ್ತಿ ಹಿಡಿದ ದಂಡನಾಯಕಿಯಾದರು. ನಾನು ಊರೂರು ಅಲೆಯುವ ನಾಟಿ ವೈದ್ಯ.

ಅಕ್ಕನ ಕಥೆ ಚೆನ್ನಾಗಿತ್ತು. ಹೊಳೆಯ ತಳದಲ್ಲಿ ಒಂದು ಪಟ್ಟಣ. ಕಡುಬೇಸಿಗೆಯಲ್ಲಿ ನೀರು ಇಳಿದಾಗ ಮಾತ್ರ ಅದರ ಹೆಬ್ಬಾಗಿಲು ಕಾಣುತ್ತದೆ. ನಾವು ಅಲ್ಲಿಗೆ ಹೋಗಬೇಕು. ತೊಂದರೆ ಇದ್ದದ್ದು ಕಥೆಯಲ್ಲಲ್ಲ, ಅವಳು ಅದನ್ನು ನಡೆಸುತ್ತಿದ್ದ ರೀತಿಯಲ್ಲಿ. ನಾವು ಎಲ್ಲಿ ತಿರುಗಬೇಕು, ಯಾರನ್ನು ನಂಬಬೇಕು, ಎಲ್ಲಿ ಮೋಸಹೋಗಬೇಕು ಎಲ್ಲವೂ ಅವಳ ತಲೆಯಲ್ಲಿ ಮೊದಲೇ ಸಿದ್ಧವಾಗಿರುತ್ತಿತ್ತು. ಗೆಳೆಯ ಕಾಡಿನೊಳಗೆ ನುಗ್ಗುತ್ತೇನೆ ಎಂದರೆ ಅಲ್ಲೊಂದು ಬಂಡೆ ಎದ್ದು ನಿಲ್ಲುತ್ತಿತ್ತು.

"ಬಂಡೆ ಹತ್ತೀನಿ ಆಪಾ."

"ಜಾರತ್ತೆ."

"ಹಗ್ಗ ಕಟ್ತೀನಿ."

"ಹಗ್ಗ ಕಟ್ಟಕ್ಕೆ ಮರ ಇಲ್ಲ. ದಾರಿ ಎಡಗಡೆ ಇದೆ ಅಂತ ಆಗ್ಲೇ ಹೇಳ್ದೆ. ಕೇಳಿಸ್ಕೊಂಡಿಲ್ವಾ?"

"ಕಾಡಲ್ಲಿ ಮರ ಇಲ್ವಾ ಆಪಾ?" ಎಂದು ಅವನು ಕೇಳಿದಾಗ ಟೈಲರಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದರು. ಅಕ್ಕ ನಗಲಿಲ್ಲ.

ನಾವು ಮೂವರೂ ಬೆಂಚಿನ ಮೇಲಿನ ಮಕ್ಕಳಾಗಿಬಿಟ್ಟಿದ್ದೆವು. ಟೈಲರಮ್ಮ ಒಮ್ಮೆ ಮೆಲ್ಲಗೆ, "ಎಲ್ಲಾ ನೀವೇ ಹೇಳ್ಬಿಟ್ರೆ ನಾವು ಯಾತಕ್ಕೆ ಟೀಚರಮ್ಮಾ?" ಎಂದರು. ಅಕ್ಕ ಅದನ್ನು ತಮಾಷೆ ಎಂದುಕೊಂಡಳು. ಗೆಳೆಯ ಅಂಗಡಿಯಲ್ಲಿ ಸ್ಟಾಕ್ ಬಂದಿದೆ ಅಂತಲೋ ಇನ್ನೇನೋ ಹೇಳಿ ಭಾನುವಾರಗಳನ್ನು ತಪ್ಪಿಸತೊಡಗಿದ.

ಆ ವರ್ಷದ ಪರೀಕ್ಷೆ ಹತ್ತಿರ ಬರುವ ಹೊತ್ತಿಗೆ ಅಕ್ಕನ ದನಿ ಒಡೆಯಿತು. ಬೆಳಗ್ಗೆ ಗೊಗ್ಗರು, ಸಂಜೆಗೆ ಬರೀ ಗಾಳಿ. ಬಿಸಿನೀರು, ಜೇನುತುಪ್ಪ, ಕರಿಮೆಣಸಿನ ಕಷಾಯ ಎಲ್ಲ ಮುಗಿದ ಮೇಲೆ ಶಿವಮೊಗ್ಗದ ಗಂಟಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ನೋಡಿ, ಸ್ವರತಂತುಗಳ ಮೇಲೆ ಸಣ್ಣ ಗಂಟುಗಳಾಗಿವೆ, ಪಾಠ ಮಾಡುವವರಿಗೆ ಇದು ಬರುತ್ತದೆ, ಹೆದರಬೇಕಾದ್ದಿಲ್ಲ ಎಂದರು.

"ಆದ್ರೆ ಮಾತು ಪೂರ್ತಿ ನಿಲ್ಲಿಸ್ಬೇಕು ಮೇಡಂ. ಪಿಸುಮಾತೂ ಬೇಡ. ಅದು ಇನ್ನೂ ಕೆಟ್ಟದ್ದು."

ಅಕ್ಕ ಏನೋ ಕೇಳಲು ಬಾಯಿ ತೆರೆದಳು. ಡಾಕ್ಟರು ಬೆರಳು ತುಟಿಗಿಟ್ಟುಕೊಂಡರು. ಅವಳನ್ನು ಯಾರಾದರೂ ಹಾಗೆ ಸುಮ್ಮನಾಗಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಹೊರಗೆ ಬಂದು ಆಟೋದಲ್ಲಿ ಕೂತ ಮೇಲೆ ಅವಳ ಕಣ್ಣಲ್ಲಿ ನೀರು ತುಂಬಿತು. ದನಿಯಿಲ್ಲದೆ ಅಳುವುದು ಎಷ್ಟು ಕಷ್ಟ ಎಂದು ಅವಳ ಮುಖ ನೋಡಿದಾಗ ಗೊತ್ತಾಯಿತು.

ರಜೆ ಹಾಕಿ ಶಿವಮೊಗ್ಗದ ರವೀಂದ್ರನಗರದ ನಮ್ಮ ಮನೆಗೆ ಬಂದಳು. ಅಲ್ಲಿ ಅಮ್ಮ, ನಾನು. ಶಾಲೆಯ ಮಕ್ಕಳ ಸ್ಲೇಟೊಂದನ್ನು ತಂದುಕೊಟ್ಟೆ. ಬೇಕಾದ್ದನ್ನು ಅದರ ಮೇಲೆ ಬರೆದು ತೋರಿಸುತ್ತಿದ್ದಳು. ಅಮ್ಮನಿಗೆ ಕಳವಳ. "ಮನೇಲಿ ಇದೀಯೋ ಇಲ್ವೋ ಅಂತ ಗೊತ್ತಾಗಲ್ಲ ಕಣೇ, ಒಂದು ಪಾತ್ರೆನಾದ್ರೂ ಕುಟ್ಟು" ಎನ್ನುತ್ತಿದ್ದರು.

ಹೊತ್ತು ಹೋಗಲೆಂದು ನಾನು ಅವಳ ಫೋನಿಗೆ ಕೆಲವು ಪಾಡ್‌ಕಾಸ್ಟ್ ಹಾಕಿಕೊಟ್ಟೆ. ಎಲ್ಲೋ ದೂರದೇಶದಲ್ಲಿ ನಾಲ್ಕಾರು ಜನ ಕೂತು ನಮ್ಮಂತೆಯೇ ಆಟ ಆಡಿ, ಅದನ್ನು ರೆಕಾರ್ಡ್ ಮಾಡಿ ಹಾಕಿರುತ್ತಾರೆ. ರೇಡಿಯೋ ನಾಟಕದಂತೆ ಕೇಳಬಹುದು. ಮೊದಲ ದಿನ ಅವಳು ಸ್ಲೇಟಿನ ಮೇಲೆ, "ಎಲ್ಲರೂ ಒಟ್ಟಿಗೆ ನಗ್ತಾರೆ. ನಗು ಬಿಟ್ಟು ಏನೂ ಅರ್ಥ ಆಗಲ್ಲ" ಎಂದು ಬರೆದಳು. ಆ ಇಂಗ್ಲಿಷು ನನಗೂ ಪೂರ್ತಿ ದಕ್ಕುತ್ತಿರಲಿಲ್ಲ. ವೇಗ ಕಡಿಮೆ ಮಾಡಿ, ಇಯರ್‌ಫೋನಿನ ಒಂದು ತುದಿ ಅವಳ ಕಿವಿಗೆ, ಇನ್ನೊಂದು ನನ್ನ ಕಿವಿಗೆ ಇಟ್ಟುಕೊಂಡು ಹಿತ್ತಲ ಮೆಟ್ಟಿಲ ಮೇಲೆ ಕೂತು ಕೇಳತೊಡಗಿದೆವು. ಅವಳ ಮಡಿಲಲ್ಲಿ ಬಿಡಿಸಬೇಕಾದ ಹರಿವೆ ಸೊಪ್ಪು. ಆ ಸಂಜೆಗಳನ್ನು ನೆನೆದರೆ ಈಗಲೂ ಏನೋ ಒಂಥರಾ ಆಗುತ್ತದೆ. ಸಣ್ಣವರಿದ್ದಾಗ ಕೂಡ ನಾವಿಬ್ಬರು ಅಷ್ಟು ಹೊತ್ತು ಜಗಳವಿಲ್ಲದೆ ಪಕ್ಕಪಕ್ಕ ಕೂತಿರಲಿಲ್ಲ.

ಒಂದು ಸಂಜೆ ಕಾರ್ಯಕ್ರಮದ ನಡುವೆ ಸದ್ದು ನಿಂತುಹೋಯಿತು. ಅಕ್ಕ ಇಯರ್‌ಫೋನ್ ತೆಗೆದು ಊದಿದಳು. ನಾನು ವೈರು ಅಲ್ಲಾಡಿಸಿದೆ. ಅಷ್ಟರಲ್ಲಿ ಒಬ್ಬ ಹುಡುಗಿಯ ದನಿ ತಡೆದು ತಡೆದು ಕೇಳಿಸಿತು. ಅಕ್ಕ ನನ್ನ ಕೈ ಹಿಡಿದು, ಹಿಂದಕ್ಕೆ ಹಾಕು ಎಂದು ಸನ್ನೆ ಮಾಡಿದಳು. ಮತ್ತೆ ಕೇಳಿದೆವು. ವೈರು ಕೆಟ್ಟಿರಲಿಲ್ಲ. ಆಟ ನಡೆಸುವ ಹೆಂಗಸು ಒಂದು ಪ್ರಶ್ನೆ ಕೇಳಿ ಸುಮ್ಮನಾಗಿದ್ದಳು, ಆ ಹುಡುಗಿ ಯೋಚಿಸುತ್ತಿದ್ದಳು, ಉಳಿದವರು ಕಾಯುತ್ತಿದ್ದರು. ಸಾವಿರಾರು ಜನ ಕೇಳುವ ಕಾರ್ಯಕ್ರಮದಲ್ಲಿ ಆ ಮೌನವನ್ನು ಯಾರೂ ಕತ್ತರಿಸಿ ತೆಗೆದಿರಲಿಲ್ಲ.

ಅಕ್ಕ ಸ್ಲೇಟು ತೆಗೆದುಕೊಂಡು ಬರೆದಳು: "ಇವಳು ಹೇಳ್ತಿಲ್ಲ ಕಣೋ. ಕೇಳ್ತಿದ್ದಾಳೆ."

ಆಮೇಲೆ ಅವಳಿಗೆ ಹುಚ್ಚೇ ಹಿಡಿಯಿತು. ಆಟ ನಡೆಸುವವರೇ ಕೂತು ತಮ್ಮ ಕಷ್ಟಸುಖ ಮಾತಾಡುವ ಪಾಡ್‌ಕಾಸ್ಟುಗಳೂ ಇದ್ದವು. ಮಾತಾಡದೆ ಕೂರುವ ಆಟಗಾರನನ್ನು ಏನು ಮಾಡುವುದು, ದಾಳ ಕೆಟ್ಟು ಬಿದ್ದರೆ ಕಥೆಯನ್ನು ಹೇಗೆ ಎತ್ತಿಕೊಳ್ಳುವುದು ಅಂತೆಲ್ಲ. ಒಬ್ಬಾತ, ತಾನು ಊರನ್ನು ಕಟ್ಟುತ್ತೇನೆ, ಆ ಊರಿನವರಿಗೆ ಏನೇನು ಬೇಕು ಎಂದು ಯೋಚಿಸುತ್ತೇನೆ, ಕೊನೆಯನ್ನು ಮಾತ್ರ ಯೋಚಿಸುವುದಿಲ್ಲ ಎಂದ. ಅಕ್ಕ ಇದನ್ನು ಒಪ್ಪಲಿಲ್ಲ. "ಉತ್ತರ ಗೊತ್ತಿಲ್ದೆ ಲೆಕ್ಕ ಕೊಡಕ್ಕಾಗತ್ತಾ?" ಎಂದು ಬರೆದು, ಅಂಡರ್‌ಲೈನ್ ಬೇರೆ ಮಾಡಿದಳು. ಮಾರನೆಯ ದಿನ ಅದೇ ಭಾಗವನ್ನು ಒಬ್ಬಳೇ ಮತ್ತೆ ಕೇಳುತ್ತಿದ್ದಳು. ಇನ್ನೊಬ್ಬ ಗೇಮ್ ಮಾಸ್ಟರ್ ಆಟದ ನಡುವೆ ನಿಯಮ ಮರೆತು, "ನಂಗೆ ನೆನಪಿಲ್ಲ, ಈಗ ಹೀಗೆ ಇಟ್ಕೊಳೋಣ" ಎಂದು ನಕ್ಕುಬಿಟ್ಟಾಗ ಅಕ್ಕನ ಭುಜಗಳು ಸದ್ದಿಲ್ಲದೆ ಕುಣಿದವು. ಅಷ್ಟು ನಕ್ಕಳು.

ಡಾಕ್ಟರು ಸ್ವಲ್ಪಸ್ವಲ್ಪವೇ ಮಾತಾಡಬಹುದು, ದನಿ ಏರಿಸಕೂಡದು ಎಂದು ಒಪ್ಪಿಗೆ ಕೊಟ್ಟ ಮೇಲೆ ಅವಳು ಮೊದಲು ಕೇಳಿದ್ದೇ ಆಟ. ನಾನು ಗಾಂಧಿ ಬಜಾರಿಗೆ ಹೋದೆ. ಗೆಳೆಯ ಪಂಚೆಗಳನ್ನು ಮಡಿಚಿಡುತ್ತಿದ್ದ.

"ಈ ಭಾನುವಾರ ಬಾ ಮಾರಾಯ. ಅಕ್ಕ ಜಾಸ್ತಿ ಮಾತಾಡೋ ಹಂಗಿಲ್ಲ."

"ಡಾಕ್ಟರ್ ಹೇಳಿದಾರಾ?"

"ಹ್ಞೂಂ."

"ಹಂಗಾದ್ರೆ ಜರೂರ್ ಬರ್ತೀನಿ" ಎಂದ.

ಜನ್ನಾಪುರದ ಮನೆಯಲ್ಲಿ ಊಟವಾದ ಮೇಲೆ ಕೂತೆವು. ಟೈಲರಮ್ಮ ಮಜ್ಜಿಗೆ ತಂದಿದ್ದರು. ಕಥೆಯಲ್ಲಿ ಹೊಳೆಯ ನೀರು ಇಳಿದಿತ್ತು, ಮುಳುಗಿದ ಪಟ್ಟಣದ ಹೆಬ್ಬಾಗಿಲು ಎದುರಿಗಿತ್ತು. ಹಿಂದಿನ ಅಕ್ಕನಾಗಿದ್ದರೆ ಆ ಬಾಗಿಲ ಒಂದೊಂದು ಮೊಳೆಯನ್ನೂ ವರ್ಣಿಸುತ್ತಿದ್ದಳು. ಈಗ ಅವಳು ಹೊಸ, ತೆಳ್ಳನೆಯ ದನಿಯಲ್ಲಿ ಇಷ್ಟೇ ಹೇಳಿದಳು: "ಬಾಗಿಲ ಮುಂದೆ ಒಬ್ಬ ಮುದುಕಿ ಕೂತಿದಾಳೆ. ಏನ್ಮಾಡ್ತೀರಿ?"

ನಾವು ಅಭ್ಯಾಸದಂತೆ ಅವಳೇ ಮುಂದುವರಿಸಲೆಂದು ಕಾದೆವು. ಅವಳು ಮುಂದುವರಿಸಲಿಲ್ಲ. ಫ್ಯಾನು ತಿರುಗುತ್ತಿತ್ತು. ನನಗೆ ಆ ಮೌನ ತಡೆಯಲಾಗದೆ ಏನಾದರೂ ಹೇಳೋಣವೆನಿಸಿತು. ಅಕ್ಕ ನನ್ನ ಮೊಣಕಾಲನ್ನು ಮೆಲ್ಲಗೆ ತಟ್ಟಿ ತಡೆದಳು. ಅವಳು ಟೈಲರಮ್ಮನನ್ನು ನೋಡುತ್ತಿದ್ದಳು.

"ನಾನು ಕತ್ತಿ ಕೆಳಗಿಡ್ತೀನಿ," ಎಂದರು ಟೈಲರಮ್ಮ. "ಅವರ ಪಕ್ಕ ಕೂತ್ಕೊತೀನಿ."

"ಸರಿ. ಬಾಗಿಲ ಸಂದಿಯಿಂದ ಒಳಗಿನ ಬೀದಿ ಕಾಣ್ತಿದೆ. ಅಲ್ಲಿ ಏನಿದೆ, ನೀವೇ ಹೇಳಿ."

"ನಾನಾ?"

ಅಕ್ಕ ತಲೆಯಾಡಿಸಿದಳು.

ಟೈಲರಮ್ಮ ಮಜ್ಜಿಗೆಯ ಲೋಟ ಪಕ್ಕಕ್ಕಿಟ್ಟರು. ಆಮೇಲೆ ಶುರು ಮಾಡಿದರು. ಒಂದೇ ಅಳತೆಯ ಮನೆಗಳ ಸಾಲು. ಸಾಲಿನ ಕೊನೆಗೆ ಒಂದು ಬೇವಿನ ಮರ. ಮರದ ಕೆಳಗೆ ನಲ್ಲಿ, ನಲ್ಲಿಯ ಮುಂದೆ ಕೊಡಗಳು. ಸೈರನ್ ಆದರೆ ಸೈಕಲ್ಲುಗಳೆಲ್ಲ ಒಟ್ಟಿಗೆ ಹೊರಡುತ್ತವೆ, ಮತ್ತೆ ಸೈರನ್ ಆದರೆ ಒಟ್ಟಿಗೆ ಬರುತ್ತವೆ. ಒಂದು ಮನೆಯ ಕಿಟಕಿಯಲ್ಲಿ ಹೊಲಿಗೆ ಮಿಷನ್. ಆ ಮನೆಯ ಬಾಗಿಲಿಗೆ ನೀಲಿ ಬಣ್ಣ, "ಅವರೇ ಹಚ್ಚಿದ್ದು, ಒಂದು ಭಾನುವಾರ, ಕೈಯೆಲ್ಲಾ ನೀಲಿ ಮಾಡ್ಕೊಂಡು."

ಅದು ಅವರು ಗಂಡನೊಂದಿಗೆ ಬಾಳಿದ್ದ ಫ್ಯಾಕ್ಟರಿ ಕ್ವಾರ್ಟರ್ಸು ಎಂದು ನಮಗೆಲ್ಲ ಗೊತ್ತಾಯಿತು. ಈಗ ಆ ಸಾಲಿನಲ್ಲಿ ಯಾರೂ ಇಲ್ಲ; ಗೋಡೆಗಳ ಮೇಲೆ ಆಲದ ಸಸಿ ಹುಟ್ಟಿದೆ. ಅಷ್ಟು ವರ್ಷ ಪಕ್ಕದ ಮನೆಯಲ್ಲಿದ್ದರೂ ಅವರು ಅಕ್ಕನ ಹತ್ತಿರ ಅದರ ಮಾತೆತ್ತಿದ್ದೇ ಇಲ್ಲವಂತೆ.

"ಆ ಬೀದೀಲಿ ನಿಮ್ಮನ್ನ ಯಾರಾದ್ರೂ ಗುರುತು ಹಿಡೀತಾರಾ?" ಅಕ್ಕ ಕೇಳಿದಳು.

"ಎಲ್ಲಾರೂ," ಎಂದರು ಟೈಲರಮ್ಮ. ಅವರ ಕಣ್ಣು ಒದ್ದೆಯಾಗಿತ್ತು, ಬಾಯಲ್ಲಿ ನಗು ಇತ್ತು.

ಗೆಳೆಯ ದಾಳ ಕೈಗೆತ್ತಿಕೊಂಡ. "ಆಪಾ, ನಾನು ಕಳ್ಳ ಅಲ್ವಾ. ಆದ್ರೆ ಈ ಊರಲ್ಲಿ ಕದಿಯಲ್ಲ. ಸೈಕಲ್ ಒಂದು ಎತ್ಕೊಂಡು ಬೀದಿ ಪೂರ್ತಿ ಬೆಲ್ ಹೊಡ್ಕೊಂಡು ಹೋಗ್ತೀನಿ, ಇವರು ಬಂದಿದಾರೆ ಅಂತ ಎಲ್ಲಾರಿಗೂ ಗೊತ್ತಾಗ್ಲಿ." ದಾಳ ಹಾಕಿದ. ಒಂದು ಬಿತ್ತು, ಅದಕ್ಕಿಂತ ಕೆಟ್ಟದ್ದಿಲ್ಲ. ಅವನ ಮುಖ ಸಪ್ಪಗಾಯಿತು. ಅಕ್ಕ ಒಂದು ಕ್ಷಣ ಯೋಚಿಸಿ ಹೇಳಿದಳು: "ಸೈಕಲ್ ಚೈನ್ ಕಳಚಿ ನಲ್ಲಿ ಮುಂದೆ ಕೊಡಗಳ ಮೇಲೆ ಬೀಳ್ತೀಯ. ಆ ಸದ್ದಿಗೆ ಬೀದಿ ಪೂರ್ತಿ ಹೊರಗ್ ಬರತ್ತೆ."

ಟೈಲರಮ್ಮ ಜೋರಾಗಿ ನಕ್ಕರು. ನಾನು ವೈದ್ಯನಾದ್ದರಿಂದ ಅವನ ಮೊಣಕಾಲಿಗೆ ಸೊಪ್ಪಿನ ರಸ ಹಿಂಡಿದೆ. ಅಕ್ಕ ಮೊದಲೇ ಕಟ್ಟಿಟ್ಟುಕೊಂಡಿದ್ದ ಕಾಳಗ, ಶಾಪ, ನಿಧಿ ಯಾವುದೂ ಅಂದು ಬರಲಿಲ್ಲ. ಸಂಜೆ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ವಾಪಸು ಬರುವಾಗ ಗೆಳೆಯ, "ಆಪಾಗೆ ಏನಾಯ್ತೋ?" ಎಂದ. ಪಾಡ್‌ಕಾಸ್ಟಿನ ವಿಷಯ ಹೇಳಿದೆ. ಅವನೂ ಫೋನ್ ತೆಗೆದು ನನ್ನಿಂದ ಹಾಕಿಸಿಕೊಂಡ.

ಅಕ್ಕನ ದನಿ ಮರಳಿತು, ಮೊದಲಿನಷ್ಟು ಎತ್ತರಕ್ಕಲ್ಲ. ನಮ್ಮ ಭಾನುವಾರಗಳು ಎರಡು ಮಳೆಗಾಲ ದಾಟಿ ನಡೆದವು. ವಾರವಿಡೀ ಅಕ್ಕ, ಗೆಳೆಯ, ನಾನು ನಮ್ಮ ನಮ್ಮ ಕಡೆ ಯಾವುದಾದರೂ ಪಾಡ್‌ಕಾಸ್ಟ್ ಕೇಳಿಕೊಂಡು ಬಂದು, ಆಟಕ್ಕೆ ಮೊದಲು ಅದರ ಚರ್ಚೆ. ಟೈಲರಮ್ಮನಿಗೆ ಇಂಗ್ಲಿಷ್ ಬಾರದು. ಅವರು ನಮ್ಮಿಂದ ಹೇಳಿಸಿಕೊಳ್ಳುತ್ತಿದ್ದರು. ಆಮೇಲೆ ಗೆಳೆಯ ಮದುವೆಯಾಗಿ ದಾವಣಗೆರೆಯ ಅಂಗಡಿ ನೋಡಿಕೊಳ್ಳಲು ಹೋದ. ಟೈಲರಮ್ಮ ತಂಗಿಯ ಜೊತೆಗಿರಲು ಹೊಸೂರಿಗೆ ಹೋದರು. ಹೊರಡುವ ದಿನ ದಾಳಗಳಿಗೆಂದು ಹಸಿರು ಮಖಮಲ್ಲಿನ ಚೀಲ ಹೊಲಿದು ಕೊಟ್ಟರು. ಅಕ್ಕನಿಗೆ ಸಾಗರಕ್ಕೆ ವರ್ಗವಾಯಿತು. ಯಾರೂ ಮುನಿಸಿಕೊಳ್ಳಲಿಲ್ಲ, ಯಾರೂ ಆಟ ಬಿಡುತ್ತೇವೆ ಎನ್ನಲಿಲ್ಲ. ಒಂದು ಭಾನುವಾರ ಜನ್ನಾಪುರಕ್ಕೆ ಹೋಗುವ ಕಾರಣವೇ ಉಳಿದಿರಲಿಲ್ಲ, ಅಷ್ಟೆ. ಭದ್ರಾವತಿಯ ಬಸ್ಸು ಪಕ್ಕದಲ್ಲಿ ಹಾದುಹೋದರೆ ಈಗಲೂ ಕಾಲು ಅತ್ತ ಎಳೆಯುತ್ತದೆ.

ಕಳೆದ ವರ್ಷ ನಾನೇ ಧೈರ್ಯ ಮಾಡಿ ರವೀಂದ್ರನಗರದ ಮನೆಯಲ್ಲಿ ಹೊಸ ಆಟ ಶುರು ಮಾಡಿದೆ. ನಮ್ಮ ಅಂಗಡಿಯಲ್ಲಿ ಜೊತೆಗೆ ಕೆಲಸ ಮಾಡುವ ಇಬ್ಬರು, ಎದುರು ಮನೆಯ ಬ್ಯಾಂಕಿನ ಮೇಡಂ. ಬೇಸಿಗೆ ರಜೆಯಲ್ಲಿ ಅಕ್ಕ ಬಂದಾಗ ಅವಳನ್ನೂ ಕೂರಿಸಿಕೊಂಡೆ, ಗೇಮ್ ಮಾಸ್ಟರಾಗಿ ಅಲ್ಲ, ಆಡುವವಳಾಗಿ. ಸಂತೆಯಲ್ಲಿ ಗಿಳಿ ಮಾರುವವಳ ಪಾತ್ರ ಆರಿಸಿಕೊಂಡಳು. ಗಿಳಿಯ ದನಿಯನ್ನೂ ಅವಳೇ ಮಾಡುತ್ತಿದ್ದಳು, ಗಿರಾಕಿಯದ್ದನ್ನೂ ಅವಳೇ. ಬೇರೆಯವರಿಗೆ ಬಾಯಿ ತೆರೆಯಲು ಬಿಡಲಿಲ್ಲ. ಬ್ಯಾಂಕಿನ ಮೇಡಂ ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಅಕ್ಕಾ, ಡಾಕ್ಟರ್ ಏನ್ ಹೇಳಿದ್ರು?" ಎಂದೆ.

"ಅದು ಆಟ ನಡ್ಸೋರಿಗೆ ಕಣೋ," ಎಂದಳು ಅಕ್ಕ. "ಇವತ್ತು ನೀನು ಸುಮ್ನಿರು, ನಾನು ಮಾತಾಡ್ತೀನಿ."

ನಾನು ಸುಮ್ಮನಿದ್ದು ಕೇಳಿದೆ.