ಹೊಟ್ಟು ತುಂಬಿದ ಚೀಲ

ಮಾನ್ವಿಯ ಅಕ್ಕಿ ಗಿರಣಿಯಲ್ಲಿ ಅವನು ಹಮಾಲ. ಯಾವ ಸಿನಿಮಾ ಬಂದರೂ, ತೆರೆಯ ಮೇಲಿನವರ ಬಗ್ಗೆ ಅವನದು ಒಂದೇ ಮಾತು: "ಕೆಲಸ ನೋಡ್ರಿ."

ಒಮ್ಮೆ ಟೆಂಟ್ ಟಾಕೀಸಿಗೆ ತೋಟದ ಕೂಲಿಗಳು ಮುಷ್ಕರ ಹೂಡುವ ಕೌಬಾಯ್ ಚಿತ್ರ ಬಂತು. ದುಡ್ಡಿಲ್ಲದೆ ತೆಗೆದದ್ದು. ಹೊರಗೆ ಬಂದು ನಾವೆಲ್ಲ, "ಇದ್ದದ್ದ ಒಂದ ಕುದ್ರಿ, ಅದನ್ನ ಎಲ್ಲಾರೂ ಹತ್ತ್ಯಾರಲೇ" ಎಂದು ನಕ್ಕೆವು. ಅವನು ನಗಲಿಲ್ಲ. ಹೆಗಲ ಮೇಲಿನ ಟವೆಲು ಕೊಡವಿ, "ಕೆಲಸ ನೋಡ್ರಿ. ಚೀಲ ಹೊತ್ತ್ರೂ ಆ ಕೂಲಿಗಳ ಕುತ್ತಿಗಿ ಬಾಗಂಗಿಲ್ಲ. ಒಳಗ ಬರೇ ಹೊಟ್ಟು ತುಂಬ್ಯಾರ" ಎಂದ.

ಆ ಸುಗ್ಗಿಯಲ್ಲಿ ಅವನ ಗಿರಣಿಯ ಹಮಾಲರೂ ಕೆಲಸ ನಿಲ್ಲಿಸಿ ಬೇವಿನ ಮರದ ಕೆಳಗೆ ಕುಳಿತರು. ಮೂರನೆಯ ದಿನ ನಾನು, "ಏನಪಾ, ಸಿನಿಮಾದವರಂಗ ಕುಂತೀರಲ್ಲ?" ಎಂದೆ. ಅವನು ಕುತ್ತಿಗೆ ಒರೆಸಿಕೊಂಡು, ಚೀಲ ಇಳಿಸುವವರಿಲ್ಲದೆ ಗಿರಣಿಯ ಬಾಗಿಲಲ್ಲೇ ನಿಂತ ಲಾರಿಯ ಕಡೆ ಕೈ ತೋರಿಸಿದ.

"ನಮ್ಮ ಚೀಲದಾಗ ಭತ್ತ ಅದರಿ."