ಸೂಜಿಯಮ್ಮನ ನೃತ್ಯಕೂಟ

ನಮ್ಮ ದೊಡ್ಡಮ್ಮ ಊರಿನ ಹಳೆಯ ನಾಟಕಶಾಲೆಯಲ್ಲಿ ಮೂವತ್ತೊಂದು ವರ್ಷ ಉಡುಪುಗಳ ಕೋಣೆ ನೋಡಿಕೊಂಡವಳು. ನಟರ ಅಳತೆ ತೆಗೆಯುವುದು, ಹರಿದದ್ದನ್ನು ಹೊಲಿಯುವುದು, ಇಸ್ತ್ರಿ ಮಾಡಿ ತೂಗುಹಾಕುವುದು ಅವಳ ಕೆಲಸ. ಕಾಲರಿಗೆ ಸದಾ ನಾಲ್ಕೈದು ಸೂಜಿ ಚುಚ್ಚಿಕೊಂಡಿರುತ್ತಿದ್ದಳು. ಊರಿಗೆಲ್ಲ ಅವಳು ಸೂಜಿಯಮ್ಮ. ಆ ಹೆಸರು ಯಾಕೆ ಬಂತೆಂದು ಅವಳನ್ನು ಅಪ್ಪಿಕೊಳ್ಳಲು ಹೋದ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ನಾಟಕಗಳು ಕಡಿಮೆಯಾದವು, ಚಾವಣಿ ಸೋರತೊಡಗಿತು. ನೀರು ಮೊದಲು ಇಳಿದದ್ದು ಅವಳ ಕೋಣೆಗೇ. ನೂರು ವರ್ಷದ ಮಖಮಲ್ ಕೋಟುಗಳು ಬೂಸ್ಟು ಹಿಡಿದವು. ನಾಟಕಶಾಲೆ ಸಮಿತಿಯ ಅಧ್ಯಕ್ಷರಾದ ಔಷಧಿ ಅಂಗಡಿಯವರು ಬಂದು ನೋಡಿ, "ರಿಪೇರಿಗೆ ಎಲ್ಲಿಂದ ತರೋಣ? ಯಾರಾದ್ರೂ ಕೇಳಿದ್ರೆ ಇವನ್ನೆಲ್ಲ ಕೊಟ್ಬಿಡಿ" ಎಂದರು.

"ಕೊಡೋದು ಬೇಡ ಸಾರ್. ಟಿಕೆಟ್ ಇಡಿ. ಒಂದು ಸಂಜೆ ಜನ ಇವನ್ನೇ ಹಾಕ್ಕೊಂಡು ಕುಣೀಲಿ."

"ಈ ಊರೋರು ಮದುವೇಲೂ ಕುಣಿಯಲ್ಲಮ್ಮ!"

"ರಾಜನ ಕೋಟು ಹಾಕ್ಕೊಂಡ್ಮೇಲೆ ಹ್ಯಾಗೆ ಕುಣಿಯಲ್ಲ, ನೋಡೇಬಿಡೋಣ."

ಕುರ್ಚಿಗಳನ್ನು ತೆಗೆದು, ಮರದ ನೆಲಕ್ಕೆ ಮೇಣ ಉಜ್ಜಿದರು. ಬ್ಯಾಂಡು ಶುರುವಾಯಿತು, ಜನ ಮಾತ್ರ ಗೋಡೆ ಬಿಟ್ಟು ಕದಲಲಿಲ್ಲ. ಕೊನೆಗೆ ಅಂಚೆಯಣ್ಣ, ಮೊಣಕಾಲು ದಾಟುವ ರಾಜಕೋಟಿನಲ್ಲಿ, ಸ್ವಂತ ಹೆಂಡತಿಯನ್ನೇ ಅಪರಿಚಿತಳಂತೆ ಬಾಗಿ ಕರೆದ. "ಅಯ್ಯೋ, ಇದೇನ್ರೀ!" ಎಂದು ನಾಚುತ್ತಲೇ ಆಕೆ ಕೈ ಕೊಟ್ಟಳು. ಆಮೇಲೆ ಯಾರನ್ನೂ ಕರೆಯಬೇಕಾಗಲಿಲ್ಲ. ಕೂಟ ವರ್ಷವರ್ಷವೂ ನಡೆಯಿತು; ಟಿಕೆಟ್ ಹಣದಿಂದ ಮೂರನೆಯ ವರ್ಷದ ಹೊತ್ತಿಗೆ ಚಾವಣಿ ಗಟ್ಟಿಯಾಯಿತು.

ನಾಲ್ಕನೆಯ ವರ್ಷ, ಕುಣಿತದ ನಡುವೆ, ಶಾಲೆಯ ಮೇಷ್ಟ್ರು ತೊಟ್ಟಿದ್ದ ಕೋಟಿನ ಬೆನ್ನು ಪರ್ರನೆ ಹರಿಯಿತು. ಎಲ್ಲರೂ ನಕ್ಕರು, ಸೂಜಿಯಮ್ಮ ಇದ್ದಾಳಲ್ಲ! ಅವಳು ಕೋಟನ್ನು ದೀಪದ ಕೆಳಗೆ ಹಿಡಿದು ಸೂಜಿ ಹಾಕಿದಳು. ಹಾಕಿದಲ್ಲೆಲ್ಲ ಬಟ್ಟೆ ಪುಡಿಯಾಗಿ ಉದುರಿತು. ಅವಳ ಮುಖ ಬಿಳಿಚಿಕೊಂಡಿತು.

ಮರುದಿನ ಸಮಿತಿಯೆದುರು ನಿಂತು, "ತಪ್ಪು ನಂದೇ. ಚಾವಣಿ ಉಳಿಸೋಕೆ ಹೋಗಿ ಬಟ್ಟೇನೇ ಸವೆಸಿಬಿಟ್ಟೆ. ಇನ್ಮೇಲೆ ಇವನ್ನ ಯಾರೂ ಹಾಕೋ ಹಾಗಿಲ್ಲ" ಎಂದಳು.

"ಹಾಗಾದ್ರೆ ಕೂಟಕ್ಕೆ ಯಾರಮ್ಮ ಬರ್ತಾರೆ?"

"ಬರ್ತಾರೆ. ಹೊಲ್ಕೊಂಡು ಬರ್ತಾರೆ."

ಊರೆಲ್ಲ ಹಾಡಿ ಹೊಗಳಿದ ತನ್ನದೇ ಯೋಚನೆಯನ್ನು ತಪ್ಪೆಂದು ಒಪ್ಪಿಕೊಳ್ಳಲು ಎಂಥ ಎದೆಗಾರಿಕೆ ಬೇಕೆಂದು ಆಗ ನನಗೆ ತಿಳಿದಿರಲಿಲ್ಲ. ಅವಳು ಹಳೆಯ ಉಡುಪುಗಳನ್ನು ಕಾಗದದ ಮೇಲೆ ಹರಡಿ ಒಂದೊಂದರ ಅಳತೆ ಬರೆದುಕೊಂಡಳು. ಭಾನುವಾರಗಳಂದು ಅದೇ ಕೋಣೆಯಲ್ಲಿ, ಅವುಗಳಂಥದೇ ಹೊಸ ಉಡುಪು ಹೊಲಿಯಲು ಕಲಿಸಿದಳು. ಮೊದಲು ಬಂದವರು ಮೇಷ್ಟ್ರೇ. ಪಾಪದ ಮನುಷ್ಯ, ಮೂರು ಸಲ ತೋಳನ್ನು ತಪ್ಪು ಜಾಗಕ್ಕೆ ಜೋಡಿಸಿದರು.

"ಅದು ಕೈಗೆ ಹಾಕ್ಕೊಳ್ಳೋದು ಮೇಷ್ಟ್ರೇ, ಕತ್ತಿಗಲ್ಲ!"

ಮುಂದಿನ ಕೂಟಕ್ಕೆ ಬಂದವರು ಇಪ್ಪತ್ತೇ ಜನ. ಅದರ ಮುಂದಿನ ವರ್ಷ ಕಾಲಿಡಲು ಜಾಗವಿರಲಿಲ್ಲ. ಆ ಕೋಟುಗಳ ಮೇಲಿನ, ಮರೆತೇಹೋಗಿದ್ದ ಹಳೆಯ ಕಸೂತಿ ಈಗ ಅಂಚೆಯಣ್ಣನ ಮಗಳಿಗೂ ಬರುತ್ತದೆ, ನನಗೂ ಬರುತ್ತದೆ.

ಈ ಸಲದ್ದು ಹತ್ತೊಂಬತ್ತನೆಯ ಕೂಟ. ದೊಡ್ಡಮ್ಮನಿಗೆ ಮಂಡಿ ಆಪರೇಷನ್ ಆಗಿತ್ತು. ಮಂಚ ಬಿಟ್ಟು ಇಳಿಯಬಾರದೆಂದು ಡಾಕ್ಟರ ಕಟ್ಟಪ್ಪಣೆ. ಕೂಟದ ದಿನ ಮಧ್ಯಾಹ್ನ, ಹೊಲಿದು ತೊಟ್ಟವರೆಲ್ಲ ಅವಳ ಮನೆಗೇ ಬಂದರು. ಮೆಟ್ಟಿಲ ತುಂಬ ಸಾಲು. ಕನ್ನಡಕ ಏರಿಸಿಕೊಂಡು ಒಬ್ಬೊಬ್ಬರ ಅಂಚನ್ನೂ ತಿರುವಿ ನೋಡಿದಳು. ಎಲ್ಲರನ್ನೂ ಕೂಟಕ್ಕೆ ಹೊರಡಿಸಲು ಕೆಳಗೆ ಹಾರ್ನ್ ಹೊಡೆದು ಹೊಡೆದು ಸುಸ್ತಾದ ಅಧ್ಯಕ್ಷರು, ತಾವು ಹೊಲಿದ ಕೋಟಿನಲ್ಲೇ, ಮೇಲೆ ಬಂದರು.

"ಹೊತ್ತಾಯ್ತಮ್ಮ!"

"ಬನ್ನಿ ಇಲ್ಲಿ. ಈ ಗುಂಡಿ ಯಾರು ಹಾಕಿದ್ದು?"

"ನಾನೇ."

"ನೋಡಿದ್ರೇ ಗೊತ್ತಾಗುತ್ತೆ. ಬಿಚ್ಚಿ, ಮತ್ತೆ ಹಾಕಿ."

ಸಮಿತಿಯ ಅಧ್ಯಕ್ಷರು ಸ್ಟೂಲಿನ ಮೇಲೆ ಕೂತು, ನಾಲಿಗೆ ಕಚ್ಚಿಕೊಂಡು ಗುಂಡಿ ಹೊಲಿದರು. ಕೂಟ ಅರ್ಧ ಗಂಟೆ ತಡವಾಗಿ ಶುರುವಾಯಿತು.